ಕನ್ನಡ–ತೆಲುಗು: ತೌಲನಿಕ ಟಿಪ್ಪಣಿ

ಹಿನ್ನೆಲೆ: ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಟೇಕಲ್ ಸುತ್ತಮುತ್ತ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ.

ವರ್ಗ: ಎರಡೂ ದ್ರಾವಿಡ ಭಾಷೆಗಳು. ಕನ್ನಡ ದಕ್ಷಿಣ ದ್ರಾವಿಡ. ತೆಲುಗು ದಕ್ಷಿಣ-ಮಧ್ಯ ದ್ರಾವಿಡ.

ಸಾಮ್ಯ:
• ಕರ್ತೃ–ಕರ್ಮ–ಕ್ರಿಯಾಪದ ಕ್ರಮ. ಪ್ರತ್ಯಯ ಸೇರಿಸುವ ರಚನೆ.
• ಎರಡರ ಲಿಪಿಗೂ ಬ್ರಾಹ್ಮಿಯೇ ಮೂಲ.
• ಶಾಸ್ತ್ರೀಯ ಸ್ಥಾನಮಾನ: 2008.

ವ್ಯತ್ಯಾಸ:
• ಧ್ವನಿ: ಹಳಗನ್ನಡದ ಪದಾದಿ ‘ಪ’ಕಾರ ಹೊಸಗನ್ನಡದಲ್ಲಿ ‘ಹ’ಕಾರವಾಯಿತು, ತೆಲುಗಿನಲ್ಲಿ ಉಳಿಯಿತು. ಹಾಲು–ಪಾಲು, ಹುಲಿ–ಪುಲಿ.
• ಲಿಂಗ: ಏಕವಚನದಲ್ಲಿ ಕನ್ನಡದ ಬಂದಳು, ಬಂದಿತು ಎರಡಕ್ಕೂ ತೆಲುಗಿನಲ್ಲಿ ‘ವಚ್ಚಿಂದಿ’ ಒಂದೇ ರೂಪ.
• ಸರ್ವನಾಮ: ಕೇಳುಗರನ್ನು ಒಳಗೊಂಡರೆ ತೆಲುಗಿನಲ್ಲಿ ‘ಮನಮು’, ಹೊರಗಿಟ್ಟರೆ ‘ಮೇಮು’, ಕನ್ನಡದಲ್ಲಿ ಎರಡಕ್ಕೂ ‘ನಾವು’.

ವಿದ್ವಾಂಸರು: ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲವೆಂದು 1816ರಲ್ಲಿ ತೋರಿಸಿದವರು ಎಫ್. ಡಬ್ಲ್ಯು. ಎಲ್ಲಿಸ್. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ (1856): ರಾಬರ್ಟ್ ಕಾಲ್ಡ್‌ವೆಲ್.

ನೆನಪಿಡಿ: ರಚನಾಸಾಮ್ಯ ಮಾತ್ರದಿಂದ ಭಾಷಾಸಂಬಂಧ ಸಿದ್ಧವಾಗದು. ಕೊರಿಯನ್, ಮಂಗೋಲಿಯನ್ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ಆದರೂ ಅವುಗಳನ್ನು ಒಂದೇ ಕುಟುಂಬಕ್ಕೆ ಸೇರಿಸುವ ‘ಅಲ್ಟಾಯಿಕ್’ ವಾದವನ್ನು ಬಹುತೇಕ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಕನ್ನಡ–ತೆಲುಗು ಸಂಬಂಧಕ್ಕೆ ನಿಯತ ಧ್ವನಿಸಂವಾದವೇ ಆಧಾರ.

ಮಾದರಿ ಪ್ರಶ್ನೆ: ತೆಲುಗು ಯಾವ ಉಪವರ್ಗಕ್ಕೆ ಸೇರಿದೆ?
ಉತ್ತರ: ದಕ್ಷಿಣ-ಮಧ್ಯ ದ್ರಾವಿಡ.