ಕೈ ಮರಗಟ್ಟಿಸುವ ಮುಂಚೆ

ನಾನು ಕಾಮರ್ಸ್‌ನವಳು. ಸೈನ್ಸ್‌ನವರು ಬರೆಯಬೇಕಾದ ವಿಷಯವನ್ನು ಬರೆಯುತ್ತಿರುವುದಕ್ಕೆ ಕಾರಣ ನಮ್ಮ ಅಬ್ಬಾ. ರಜೆಯಲ್ಲಿ ಸ್ಕೂಟರ್‌ನಿಂದ ಬಿದ್ದು ಅವರ ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಅವರು ಟೈಲರ್, ಆ ಕೈಯೇ ನಮ್ಮ ಮನೆಯ ಬಂಡವಾಳ. ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಅಂಥವರಿಗೆ ಸೋಂಕು ತಗುಲಿದರೆ ಬೇಗ ಹೋಗುವುದಿಲ್ಲ.

ಪೂರ್ತಿ ಪ್ರಜ್ಞೆ ತಪ್ಪಿಸದೆ ಕೈಯನ್ನಷ್ಟೇ ಮರಗಟ್ಟಿಸಿ ಆಪರೇಷನ್ ಮಾಡುತ್ತೇವೆ ಎಂದರು ಡಾಕ್ಟರ್. ಇದಕ್ಕೆ 'ಬ್ಲಾಕ್' ಎನ್ನುತ್ತಾರೆ. ಕಾಲರ್ ಬೋನ್ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟರೆ ಕೈಗೆ ಹೋಗುವ ನರಗಳ ಗುಚ್ಛ ಪರದೆಯಲ್ಲಿ ಕಾಣುತ್ತದೆ. ನೋಡಿಕೊಂಡೇ ಸೂಜಿಯನ್ನು ಅದರ ಪಕ್ಕಕ್ಕೆ ತಲುಪಿಸಿ ಔಷಧ ಬಿಡುತ್ತಾರೆ. ಒಂದೇ ಇಂಜೆಕ್ಷನ್ ಆದರೆ ಸೋಂಕು ತೀರಾ ಅಪರೂಪ. ನೋವು ತಡೆಯಲು ಸಣ್ಣ ಕೊಳವೆಯನ್ನು ಒಳಗೇ ಬಿಟ್ಟು ಎರಡು ದಿನ ದಾಟಿದರೆ ಅಪಾಯ ಹೆಚ್ಚುತ್ತದೆ.

ಅರಿವಳಿಕೆ ಟೆಕ್ನಾಲಜಿ ಓದುತ್ತಿರುವ ನನ್ನ ಖಾಲಾ ಮಗಳು ಆಪಾ ಮೊದಲು ಕೇಳಿದ್ದು, "ಜೆಲ್ ಯಾವುದು?" ಅಂತ. ನನಗೆ ನಗು ಬಂತು. ಹೊಟ್ಟೆ ಸ್ಕ್ಯಾನ್‌ಗೆ ಹಚ್ಚುವ ಆ ತಣ್ಣನೆಯ ಜೆಲ್‌ನಲ್ಲಿ ಏನಿದೆ? ಆದರೆ ದೊಡ್ಡ ಬಾಟಲಿಯ ಜೆಲ್ ಸ್ಟೆರೈಲ್ ಅಲ್ಲ. ಅದರ ಮೂತಿ ಒಬ್ಬರ ಚರ್ಮಕ್ಕೆ ತಾಗಿ ಇನ್ನೊಬ್ಬರಿಗೆ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ಅದು ಚರ್ಮದ ಮೇಲೇ ಉಳಿಯುತ್ತದೆ. ಬ್ಲಾಕ್‌ನಲ್ಲಿ ಸೂಜಿ ಅದರ ಜೊತೆ ಒಳಗೆ ಹೋಗಬಹುದು. 2021ರಲ್ಲಿ ಅಮೆರಿಕದ ಎಫ್‌ಡಿಎ ಒಂದು ಕಂಪನಿಯ ಯಾವ ಅಲ್ಟ್ರಾಸೌಂಡ್ ಜೆಲ್ಲನ್ನೂ ಬಳಸಬೇಡಿ ಎಂದು ಎಚ್ಚರಿಸಿತು. ಅದರಲ್ಲಿ ಬರ್ಖೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಸೇರಿತ್ತು. ಆದ್ದರಿಂದ ಸೂಜಿ ಚುಚ್ಚುವಾಗ ಒಬ್ಬರಿಗೊಂದು ಸ್ಟೆರೈಲ್ ಸ್ಯಾಶೆ ಬೇಕು.

ಉಳಿದದ್ದೂ ಇದೆ: ಕೈ ತೊಳೆಯುವುದು, ಮಾಸ್ಕ್, ಗ್ಲೌಸ್, ಪ್ರೋಬ್‌ಗೆ ಸ್ಟೆರೈಲ್ ಕವರ್. ಚರ್ಮಕ್ಕೆ ಆಲ್ಕೋಹಾಲ್ ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಹಚ್ಚಿ, ಅದು ಪೂರ್ತಿ ಒಣಗುವವರೆಗೆ ಕಾಯಬೇಕು. ಹಸಿ ಇದ್ದರೆ ಕ್ರಿಮಿ ಸರಿಯಾಗಿ ಸಾಯುವುದಿಲ್ಲ, ಸೂಜಿಯ ಜೊತೆ ಒಳಗೆ ಹೋದರೆ ನರಕ್ಕೂ ಒಳ್ಳೆಯದಲ್ಲ. ಆಮೇಲೆ ಪ್ರೋಬ್ ಶುಚಿ ಮಾಡುವಾಗ ಮೊದಲು ಜೆಲ್ ಒರೆಸಬೇಕು. ಜೆಲ್ ಅಂಟಿಕೊಂಡಿದ್ದರೆ ಕ್ರಿಮಿನಾಶಕ ಅದರ ಕೆಳಗೆ ಇಳಿಯುವುದಿಲ್ಲ. ಕವರ್ ಹರಿದಿರಬಹುದು, ಹಾಗಾಗಿ ಕವರ್ ಹಾಕಿದ್ದೆವು ಎಂದು ಈ ಕೆಲಸ ಬಿಡುವಂತಿಲ್ಲ.

ಆಪಾ ಹೇಳಿಕೊಟ್ಟ ಪ್ರಶ್ನೆಯನ್ನು ಅಬ್ಬಾ ಹೆದರುತ್ತಲೇ ಕೇಳಿದರಂತೆ. ಡಾಕ್ಟರ್ ಬೇಸರಿಸದೆ ಸ್ಯಾಶೆ ತೋರಿಸಿ ಅವರೆದುರೇ ಹರಿದರು.

ಬಿಲ್‌ನಲ್ಲಿ 'ಸ್ಟೆರೈಲ್ ಜೆಲ್', 'ಪ್ರೋಬ್ ಕವರ್' ಎಂದು ಎರಡು ಸಾಲು ಇದ್ದವು. "ಇದಕ್ಕೂ ದುಡ್ಡಾ?" ಎಂದು ಮಾಮು ಗೊಣಗಿದರು. ಬೇರೆ ಬಿಲ್ ಆಗಿದ್ದರೆ ನಾನೂ ಗೊಣಗುತ್ತಿದ್ದೆ.

ಹೊಲಿಗೆ ಬಿಚ್ಚಿ ಮೂರು ವಾರವಾಯಿತು. ಅಬ್ಬಾ ಈಗ ಗುಂಡಿ ಹೊಲಿಯುತ್ತಾರೆ. ದೊಡ್ಡ ಕತ್ತರಿ ಹಿಡಿಯಲು ಇನ್ನೂ ಆಗುತ್ತಿಲ್ಲ.