ನಗಿಸಿ, ಪಾತ್ರ ಬಿಡಬೇಡಿ: ಆನ್‌ಲೈನ್ ರೋಲ್‌ಪ್ಲೇಗೆ 7 ಸೂತ್ರಗಳು

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಅಂದರೆ ಇಡೀ ರಾತ್ರಿ ಜಾಗರಣೆ. ಹಗಲು ಹೊಲದಲ್ಲಿ ದುಡಿದವರು ರಾತ್ರಿ ಕಿರೀಟ ಇಟ್ಟು ದುರ್ಯೋಧನ ಆಗುತ್ತಾರೆ, ಅದೂ ಕೈಯಿಂದ ದುಡ್ಡು ಹಾಕಿ! ಹಾಸನದ ರೂಮಿನಲ್ಲಿ ಹೆಡ್‌ಸೆಟ್ ಹಾಕಿ ಜಿಟಿಎ ಆರ್‌ಪಿ (ರೋಲ್‌ಪ್ಲೇ) ಗೇಮ್ ಆಡುವ ನಿಮ್ಮದೂ ಅದೇ ಕೆಲಸ. ಚೆನ್ನಾಗಿ ಮಾಡಿ.

1. ಮೊದಲು ಪಾತ್ರ, ಆಮೇಲೆ ಜೋಕ್.
ನಿಮ್ಮ ಕ್ಯಾರೆಕ್ಟರ್‌ಗೆ ಏನು ಬೇಕು, ಯಾರ ಭಯ? ಎರಡು ಸಾಲು ಬರೆದಿಟ್ಟುಕೊಳ್ಳಿ. ಗುರಿಯಿಲ್ಲದ ಪಾತ್ರ ಹೇಳುವ ಜೋಕ್ ವಾಟ್ಸಾಪ್ ಫಾರ್ವರ್ಡ್ ಇದ್ದ ಹಾಗೆ.

2. ಶಕುನಿಯನ್ನು ನೋಡಿ ಕಲಿಯಿರಿ.
ಅವನು ಕುಂಟುತ್ತಾ ಸ್ಟೇಜಿಗೆ ಬಂದರೆ ಜನ ನಗುತ್ತಾರೆ. ಆದರೆ ಅವನ ಒಂದು ಮಾತೂ ದಾಳ ಬಿಟ್ಟು ಆಚೆ ಹೋಗುವುದಿಲ್ಲ. ನಗು ಹುಟ್ಟುವುದು ಅವನ ಕುತಂತ್ರದಿಂದ. ಅದಕ್ಕೇ ನಗುವಿನ ಬೆನ್ನಿಗೇ ಭಯವೂ ಬರುತ್ತದೆ, ಕಥೆಯೂ ಮುಂದೆ ಹೋಗುತ್ತದೆ.

3. ಸೀನ್ ನೋಡಿ ಬಾಯಿ ಬಿಡಿ.
ಜೊತೆಯವನು ಸಾಯುವ ಸೀನ್ ಕಟ್ಟುತ್ತಿರುವಾಗ ಮೈಕಿನಲ್ಲಿ ಮೀಮ್ ಸೌಂಡ್ ಹಾಕಬೇಡಿ. ಅಭಿಮನ್ಯು ಬಿದ್ದಾಗ ಹಾರ್ಮೋನಿಯಂ ಮೇಷ್ಟ್ರು ಐಟಂ ಸಾಂಗ್ ನುಡಿಸುತ್ತಾರಾ?

4. ಕಾಮಿಡಿ ಪಾತ್ರವನ್ನು ಚಿಕ್ಕದೆಂದು ಬಿಡಬೇಡಿ.
ಗುಬ್ಬಿ ವೀರಣ್ಣ ನಾಟಕ ಕಂಪನಿಯ ಮಾಲೀಕರು, ಬೇಕಾದ ರಾಜನ ವೇಷ ಹಾಕಬಹುದಿತ್ತು. ಆದರೆ ಅವರಿಗೆ ಹೆಸರು ತಂದ ಪಾತ್ರಗಳಲ್ಲಿ ಒಂದು 'ಸದಾರಮೆ' ನಾಟಕದ ಕಳ್ಳ.

5. ಸದಾ ಮುಖ ಗಂಟಿಕ್ಕಿಕೊಂಡಿರಬೇಡಿ.
ನಗಿಸಿದರೆ ಹಗುರಾಗುತ್ತೇನೆ ಎಂಬ ಡೌಟ್ ಬಿಡಿ. ನಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಗಾಂಧೀವಾದಿ, ಸ್ವಾತಂತ್ರ್ಯ ಹೋರಾಟಗಾರ. ಆದರೂ ಜನ ನೆನೆಯುವುದು ಅವರ ಹಾಸ್ಯವನ್ನು. 'ಅಮೆರಿಕಾದಲ್ಲಿ ಗೊರೂರು' ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು.

6. ಪಾತ್ರದ ಜಗಳ ಪಾತ್ರದಲ್ಲೇ ಮುಗಿಸಿ.
ಜೋಕ್ ಆಟಗಾರನಿಗೇ ನಾಟಿದೆ ಅನಿಸಿತಾ? ಸೀನ್ ಮುಗಿದ ಕೂಡಲೇ ಡಿಸ್ಕಾರ್ಡ್‌ನಲ್ಲಿ "ಬೇಜಾರಾಯ್ತಾ ಮಗಾ?" ಎಂದು ಕೇಳಿ. ರಾತ್ರಿ ಗದೆ ಹಿಡಿದು ಬಡಿದಾಡಿದ ಭೀಮ, ದುರ್ಯೋಧನ ಬೆಳಗ್ಗೆ ಒಂದೇ ಅಂಗಡಿಯಲ್ಲಿ ಟೀ ಕುಡಿಯುತ್ತಾರೆ.

7. ತಾಲೀಮು ಮಾಡಿ.
"ನನಗೆ ಟೈಮಿಂಗ್ ಬರಲ್ಲ" ಅನ್ನುವುದು ಬರೀ ರೂಢಿ, ಬದಲಿಸಿ. ಸೆಷನ್ ರೆಕಾರ್ಡ್ ಮಾಡಿ. ಯಾವ ಜೋಕ್ ಆದಮೇಲೆ ಎದುರಿನವರು ಸುಮ್ಮನಾದರು, ಗುರುತು ಹಾಕಿ. ಮುಂದಿನ ವಾರ ಅದನ್ನು ಕತ್ತರಿಸಿ. ಡ್ರಾಮಾ ಮೇಷ್ಟ್ರು ಮಾಡುವುದೂ ಇದನ್ನೇ: ಹೆಚ್ಚಾದದ್ದನ್ನು ತೆಗೆಸುತ್ತಾರೆ, ಮತ್ತೆ ಹೇಳಿಸುತ್ತಾರೆ. ಎದುರಿನವರನ್ನು ಗಮನಿಸುವ ಈ ಅಭ್ಯಾಸ ನಾಳೆ ಇಂಟರ್‌ವ್ಯೂ ರೂಮಿನಲ್ಲೂ ನಿಮ್ಮ ಕೈ ಹಿಡಿಯುತ್ತದೆ. ಇವತ್ತಿನ ಸೆಷನ್‌ನಿಂದಲೇ ಶುರು ಮಾಡಿ.