ಫ್ರೀ ಫಾಲ್ ಲೆಕ್ಕ: ಅಕ್ಷರ ಮೊದಲು, ಅಂಕಿ ಆಮೇಲೆ

ಪಿಯುಸಿ ಫಿಸಿಕ್ಸ್‌ನಲ್ಲಿ ಫ್ರೀ ಫಾಲ್ ಲೆಕ್ಕ ಕಂಡರೆ ಕೈ ಓಡುವುದಿಲ್ಲವೇ? ಬುದ್ಧಿಗೇನೂ ಕೊರತೆಯಿಲ್ಲ, ಅಭ್ಯಾಸ ಸರಿಯಿಲ್ಲ ಅಷ್ಟೇ. ಇರುವುದು ಮೂರೇ ಸಮೀಕರಣ (ಯು ಆರಂಭದ ವೇಗ, ವಿ ಕೊನೆಯ ವೇಗ, ಎ ವೇಗೋತ್ಕರ್ಷ, ಎಸ್ ಸ್ಥಾನಾಂತರ, ಟಿ ಕಾಲ):

ವಿ = ಯು + ಎ·ಟಿ
ಎಸ್ = ಯು·ಟಿ + ½·ಎ·ಟಿ²
ವಿ² = ಯು² + 2·ಎ·ಎಸ್

ಹತ್ತಾರು ಫಾರ್ಮುಲಾ ಬಾಯಿಪಾಠ ಮಾಡುವುದನ್ನು ನಿಲ್ಲಿಸಿ. ಈ ಮೂರನ್ನೇ ಬೇಕಾದಂತೆ ತಿರುಗಿಸಲು ಕಲಿಯಿರಿ.

1. ಮೊದಲು ದಿಕ್ಕು ಬರೆಯಿರಿ.
ಮೇಲಕ್ಕೆ ಪ್ಲಸ್, ಕೆಳಕ್ಕೆ ಮೈನಸ್. ಆಗ ಎ ಎಂದರೆ −9.8. ಚೆಂಡು ಏರುತ್ತಿರಲಿ, ಇಳಿಯುತ್ತಿರಲಿ, ಇದನ್ನು ನಡುವೆ ಬದಲಿಸಬೇಡಿ. ಗುರುತ್ವ ದಿಕ್ಕು ಬದಲಿಸುವುದಿಲ್ಲ.

2. ಪ್ರಶ್ನೆಯಲ್ಲಿಲ್ಲದ ಅಕ್ಷರ ಹುಡುಕಿ.
ಯು, ವಿ, ಎ, ಎಸ್, ಟಿ: ಐದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಕೊಟ್ಟದ್ದಕ್ಕೆ ಟಿಕ್, ಕೇಳಿದ್ದಕ್ಕೆ ಪ್ರಶ್ನೆ ಚಿಹ್ನೆ. ಕಾಲವನ್ನು ಕೊಟ್ಟೂ ಇಲ್ಲ, ಕೇಳಿಯೂ ಇಲ್ಲವೇ? ಕಾಲವಿಲ್ಲದ ಮೂರನೆಯ ಸಮೀಕರಣಕ್ಕೆ ಹೋಗಿ. ‘ಕೈಬಿಟ್ಟರು’ ಎಂದಿದ್ದರೆ ಯು ಸೊನ್ನೆ. ‘ಗರಿಷ್ಠ ಎತ್ತರ’ ಎಂದಿದ್ದರೆ ಅಲ್ಲಿ ವಿ ಸೊನ್ನೆ.

3. ಅಕ್ಷರಗಳಲ್ಲೇ ಬಿಡಿಸಿ, ಅಂಕಿಗಳನ್ನು ಕೊನೆಗೆ ಹಾಕಿ.
ಅರ್ಧಕ್ಕರ್ಧ ತಪ್ಪುಗಳನ್ನು ತಡೆಯುವ ಸೂತ್ರ ಇದು ಎಂದೇ ನನ್ನ ನಂಬಿಕೆ. ಜರ್ಮನಿಯ ಬ್ರೆಮೆನ್ ನಗರದಲ್ಲಿ ವಸ್ತುಗಳನ್ನು ಬೀಳಿಸಲೆಂದೇ ಕಟ್ಟಿದ ಗೋಪುರವಿದೆ. ಒಳಗಿನ ಕೊಳವೆಯಿಂದ ಗಾಳಿ ತೆಗೆದು, ಪ್ರಯೋಗದ ಕ್ಯಾಪ್ಸೂಲನ್ನು 110 ಮೀಟರ್ ಬೀಳಿಸುತ್ತಾರೆ. ಎಷ್ಟು ಹೊತ್ತು ಬೀಳುತ್ತದೆ? ಬೀಳುವ ಎತ್ತರವನ್ನು ಎಚ್, 9.8 ಅನ್ನು ಜಿ ಎನ್ನೋಣ: ಎಸ್ = −ಎಚ್, ಎ = −ಜಿ. ಯು ಸೊನ್ನೆಯಾದ್ದರಿಂದ, ಎರಡೂ ಕಡೆಯ ಮೈನಸ್ ಹೋಗಿ, ಎಚ್ = ½·ಜಿ·ಟಿ². ತಿರುಗಿಸಿದರೆ ಟಿ = √(2ಎಚ್/ಜಿ). ಈಗ ಅಂಕಿ ಹಾಕಿ: 4.74 ಸೆಕೆಂಡ್. ಹೀಗೆ ಮೇಲಿಂದ ಬೀಳಿಸಿದಾಗ ಅಲ್ಲಿ ಪ್ರಯೋಗ ಮಾಡುವವರಿಗೆ ಸಿಗುವುದೂ ಅಷ್ಟೇ ಸಮಯ!

ಅಕ್ಷರಗಳಲ್ಲಿ ಬಿಡಿಸಿದ್ದಕ್ಕೆ ಇನ್ನೂ ಲಾಭವಿದೆ. ರಾಶಿ ಎಲ್ಲೂ ಬಂದಿಲ್ಲ, ಹಾಗಾಗಿ ಭಾರ ಎಷ್ಟಿದ್ದರೂ ಉತ್ತರ ಒಂದೇ. ಎತ್ತರ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟು ಮಾತ್ರ. ಯೂನಿಟ್ ಕೂಡ ಚೆಕ್ ಮಾಡಿ: ಮೀಟರನ್ನು ‘ಮೀಟರ್ ಪ್ರತಿ ಸೆಕೆಂಡ್ ವರ್ಗ’ದಿಂದ ಭಾಗಿಸಿದರೆ ಸೆಕೆಂಡ್ ವರ್ಗ ಬರುತ್ತದೆ. ವರ್ಗಮೂಲ ಮರೆತಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

4. ಮೈನಸ್ ಉತ್ತರಕ್ಕೆ ಹೆದರಬೇಡಿ.
60 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಚೆಂಡನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದಾರೆ. ನೆಲ ಮುಟ್ಟುವುದು ಯಾವಾಗ? ‘ಏರುವ ಭಾಗ, ಇಳಿಯುವ ಭಾಗ’ ಎಂದು ಲೆಕ್ಕವನ್ನು ತುಂಡು ಮಾಡಬೇಡಿ. ಹೊರಟ ಜಾಗಕ್ಕಿಂತ ನೆಲ 60 ಮೀಟರ್ ಕೆಳಗಿದೆ, ಹಾಗಾಗಿ ಎಸ್ = −60. ಜಿ 10 ಎಂದಿಟ್ಟುಕೊಂಡರೆ −60 = 20·ಟಿ − 5·ಟಿ². ಸರಿಹೊಂದಿಸಿ: ಟಿ² − 4·ಟಿ − 12 = 0. ಉತ್ತರ 6 ಅಥವಾ −2. ನಮಗೆ ಬೇಕಾದದ್ದು 6 ಸೆಕೆಂಡ್. ಹಾಗೆಂದು −2 ಅರ್ಥವಿಲ್ಲದ್ದಲ್ಲ: ಎರಡು ಸೆಕೆಂಡ್ ಮೊದಲೇ ನೆಲದಿಂದ 40ರ ವೇಗದಲ್ಲಿ ಎಸೆದಿದ್ದರೂ ಚೆಂಡು ಇದೇ ದಾರಿಯಲ್ಲಿ ಬರುತ್ತಿತ್ತು. ಗಣಿತ ಕೇಳದೆಯೇ ಹೇಳಿಕೊಡುವ ಇಂಥ ಮಾತನ್ನು ತಳ್ಳಿಹಾಕಬೇಡಿ.

5. ನೆಲದ ಹತ್ತಿರ ವಿ ಸೊನ್ನೆ ಹಾಕಬೇಡಿ.
ಸಮೀಕರಣ ಅನ್ವಯಿಸುವುದು ನೆಲ ತಾಗುವ ಕ್ಷಣದವರೆಗೆ ಮಾತ್ರ. ಬ್ರೆಮೆನ್‌ನ ಕ್ಯಾಪ್ಸೂಲ್ ತಳ ಸೇರುವಾಗ ಅದರ ವೇಗ ಗಂಟೆಗೆ ಸುಮಾರು 167 ಕಿಲೋಮೀಟರ್.

6. ಕ್ಯಾಲ್ಕುಲೇಟರ್ ಮುಟ್ಟದೆ ಅಭ್ಯಾಸ ಮಾಡಿ.
ಸಿಇಟಿ ಫಿಸಿಕ್ಸ್‌ನಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಒಂದಕ್ಕೆ 80 ಸೆಕೆಂಡ್. ಅಕ್ಷರಗಳಲ್ಲಿ ಬಿಡಿಸುವವರಿಗೆ ಗುಣಾಕಾರ ಒಂದೇ ಸಲ, ಆಯ್ಕೆಗಳು ದೂರದೂರವಿದ್ದರೆ ಜಿ 10 ಸಾಕು.

ಇವತ್ತೇ ಶುರು ಮಾಡಿ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಎತ್ತರ 1.6 ಮೀಟರ್, ಅಲ್ಲಿನ ಜಿ 1.6 ಎಂದಿಟ್ಟುಕೊಳ್ಳಿ. ಬೀಳಲು ಹಿಡಿದ ಕಾಲ ಎಷ್ಟು? ನಿಮ್ಮ ಹಾಳೆಯಲ್ಲಿ ಎರಡೇ ಸಾಲಿಗೆ √2 ಸೆಕೆಂಡ್ ಬರಬೇಕು.